ಒಡೆಯದೆ ತಿಳಿಯುವ ಬಗೆ

ಉಳಿಪೆಟ್ಟು ಬೀಳದೆ ಕಲ್ಲು ಮೂರ್ತಿಯಾಗುವುದಿಲ್ಲ ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಇರಲಾರಳು. ಪುಟಕ್ಕಿಟ್ಟರೇ ಚಿನ್ನ, ಗಾಣಕ್ಕೆ ಕೊಟ್ಟರೇ ಬೆಲ್ಲ ಎಂದು ಅದಕ್ಕೆ ಒಡಹುಟ್ಟಿದ ಮಾತುಗಳೂ ಇವೆ. ಗಂಡನ ಮನೆಯಿಂದ ಕಣ್ಣೀರು ಹಾಕಿಕೊಂಡು ಬಂದ ಮಗಳಿಗೆ, ಕೆಲಸದ ಜಾಗದಲ್ಲಿ ಅವಮಾನವಾಯಿತೆಂದು ಹೇಳಿಕೊಂಡ ಹುಡುಗಿಗೆ, ಹಿರಿಯರು ಇದನ್ನೇ ಹೇಳಿ ಬೆನ್ನು ತಟ್ಟುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಆದರೆ ಗಮನಿಸಿ ನೋಡಿದರೆ, ಅವರು ಸಾಮಾನ್ಯವಾಗಿ ಉಳಿಯ ಹಿಡಿಕೆಯ ಕಡೆ ನಿಂತಿರುತ್ತಾರೆ, ಕಲ್ಲಿನ ಕಡೆಯಲ್ಲ. ಪೆಟ್ಟು ತಿಂದ ಮೇಲೆ ಒಳಗೆ ಏನಾಗಿದೆ ಎಂದು ಕಲ್ಲನ್ನು ಕೇಳಿದವರಿಲ್ಲ.

ಕಲ್ಲನ್ನಲ್ಲದಿದ್ದರೂ ಲೋಹವನ್ನು ಹಾಗೆ ಕೇಳುವ ವಿದ್ಯೆಯೊಂದಿದೆ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಲೋಹಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ವಿಮಾನದ ಎಂಜಿನ್ನಿನೊಳಗೆ ತಿರುಗುವ ಭಾಗಗಳ ಮೈಯಲ್ಲಿ ಎಷ್ಟು ಒತ್ತಡ ಅಡಗಿದೆ ಎಂಬುದನ್ನು, ಅವುಗಳನ್ನು ಕೊಯ್ಯದೆ, ಕೊರೆಯದೆ, ಬರೀ ವಿದ್ಯುತ್ತಿನಿಂದ ಅಳೆಯುವ ಕ್ರಮವನ್ನು ಅವಳು ನನಗೆ ವಿವರಿಸಿ ಹೇಳಿದಳು. ಅಂದಿನಿಂದ ಮೇಲಿನ ಗಾದೆಯ ಬಗ್ಗೆ ನನಗಿದ್ದ ಅಸಮಾಧಾನಕ್ಕೆ ಒಂದು ರೂಪ ಬಂದಿದೆ.

ಮೊದಲು ಗಾದೆಯ ಪರವಾಗಿಯೇ ಹೇಳಿಬಿಡುತ್ತೇನೆ. ಲೋಹ ಪೆಟ್ಟು ತಿಂದು ಗಟ್ಟಿಯಾಗುವುದು ನಿಜ. ಕೂದಲ ಪಿನ್ನನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ಪಟಕ್ಕೆಂದು ಮುರಿಯುತ್ತದಲ್ಲ, ಅದು ಲೋಹದ ದಣಿವು. ಒಂದು ಸಲದ ಭಾರಕ್ಕೆ ಜಗ್ಗದ ಲೋಹ, ಸಣ್ಣ ಭಾರವೇ ಲಕ್ಷ ಸಲ ಬಂದು ಹೋದರೆ ಸೋಲುತ್ತದೆ. ಹೀಗೆ ಸೋಲುವಾಗ ಬಿರುಕು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಹುಟ್ಟಿ ಒಳಕ್ಕೆ ಇಳಿಯುತ್ತದೆ. ಅದನ್ನು ತಡೆಯಲು ಶಾಟ್ ಪೀನಿಂಗ್ ಎಂಬ ಉಪಾಯ ಮಾಡುತ್ತಾರೆ. ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತ ಸಣ್ಣ ಗುಂಡುಗಳನ್ನು ಮಳೆಯ ಹಾಗೆ ಲೋಹದ ಮೈಮೇಲೆ ರಭಸದಿಂದ ಬೀಳಿಸುತ್ತಾರೆ. ಪ್ರತಿ ಗುಂಡೂ ಒಂದು ಸಣ್ಣ ಗುಳಿ ಮಾಡುತ್ತದೆ. ಗುಳಿಬಿದ್ದ ಪದರ ಅಗಲಕ್ಕೆ ಹರಡಿಕೊಳ್ಳಲು ನೋಡುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂತಂತೆ ಮೇಲ್ಮೈ ಇಕ್ಕಟ್ಟಿಗೆ ಸಿಕ್ಕಿ ಅದುಮಿಕೊಳ್ಳುತ್ತದೆ. ಅಲ್ಲೊಂದು ಬಿರುಕು ಬಾಯಿ ತೆರೆಯಲು ಹೊರಟರೂ ಈ ಅದುಮುವಿಕೆ ಅದರ ಬಾಯನ್ನು ಮುಚ್ಚಿ ಹಿಡಿಯುತ್ತದೆ. ಸ್ಪ್ರಿಂಗು, ಗೇರು, ಎಂಜಿನ್ನಿನ ತಿರುಗುವ ಡಿಸ್ಕು, ಎಲ್ಲಕ್ಕೂ ಈ ಸಂಸ್ಕಾರವಿದೆ.

"ನೋಡು, ಹಿರಿಯರು ಹೇಳಿದ್ದೇ ಸರಿಯಾಯಿತಲ್ಲ" ಎಂದೆ.

"ಹಾಗಲ್ಲ ದೊಡ್ಡಮ್ಮ, ಸುಮ್ಮನೆ ಹೊಡೆಯೋದಿಲ್ಲ ನಾವು. ಅಳತೆ ಇರುತ್ತೆ" ಎಂದಳು.

ಆ ಅಳತೆಯ ಕತೆ ಕೇಳಬೇಕು. 1940ರ ದಶಕದಲ್ಲಿ ಅಮೆರಿಕದ ಜೆ.ಒ. ಆಲ್ಮೆನ್ ಎಂಬ ಎಂಜಿನಿಯರು ರೂಪಿಸಿದ ಪದ್ಧತಿ ಇಂದಿಗೂ ನಡೆಯುತ್ತಿದೆ. ತೆಳುವಾದ ಒಂದು ಉಕ್ಕಿನ ಪಟ್ಟಿಯನ್ನು ಬಿಗಿದಿಟ್ಟು, ಅದರ ಒಂದೇ ಮುಖಕ್ಕೆ ಅದೇ ಗುಂಡುಗಳ ಮಳೆ ಸುರಿಸುತ್ತಾರೆ. ಬಿಚ್ಚಿದ ಕೂಡಲೇ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಪಟ್ಟಿ ಬಾಗುತ್ತದೆ. ಎಷ್ಟು ಬಾಗಿತು ಎಂಬುದರಿಂದ ಪೆಟ್ಟಿನ ತೀವ್ರತೆ ತಿಳಿಯುತ್ತದೆ. ತೀವ್ರತೆ ಹೆಚ್ಚಾದರೆ, ಅಥವಾ ಹೊಡೆದ ಕಡೆಯೇ ಮತ್ತೆ ಮತ್ತೆ ಹೊಡೆದರೆ, ಕಾಪಾಡಬೇಕಾದ ಪೆಟ್ಟೇ ಸಣ್ಣ ಬಿರುಕುಗಳನ್ನು ಹುಟ್ಟಿಸುತ್ತದೆ. ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೊಡೆಯುವಂತಿಲ್ಲ, ಮೈಯೆಲ್ಲ ಸಮನಾಗಿ ಆವರಿಸಬೇಕು. ಹೊಡೆಯುವ ಗುಂಡು ಒಡೆದು ಚೂಪಾಗಿದ್ದರೆ ಅದನ್ನು ಆರಿಸಿ ತೆಗೆಯಬೇಕು.

ಒಂದು ಲೋಹದ ತುಂಡಿಗೆ ಇಷ್ಟು ಎಚ್ಚರ! ನಮ್ಮ ಮನೆಗಳಲ್ಲಿ ಮಾತಿನ ಪೆಟ್ಟು ಕೊಡುವವರು ಯಾವ ಪಟ್ಟಿ ಇಟ್ಟು ಅಳೆದಿದ್ದಾರೆ? ಅಳತೆಯಿಲ್ಲದ ಪೆಟ್ಟನ್ನು ಸಂಸ್ಕಾರ ಎಂದು ಕರೆಯುವುದು ಗಾದೆಯ ದುರುಪಯೋಗ. ಪೆಟ್ಟು ಬಿದ್ದೂ ಗಟ್ಟಿಯಾಗಿ ನಿಂತವಳನ್ನು ತೋರಿಸಿ ಪೆಟ್ಟನ್ನು ಸಮರ್ಥಿಸುವವರು, ಪೆಟ್ಟು ಬಿದ್ದು ಬಿರುಕು ಬಿಟ್ಟವರನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಗುಂಡಿನ ಮಳೆ ನಿಂತು, ಯಾವ ಹೊರಗಿನ ಭಾರವೂ ಇಲ್ಲದಾಗಲೂ ಆ ಲೋಹದೊಳಗೆ ಒತ್ತಡ ಇದ್ದೇ ಇರುತ್ತದೆ. ಇದನ್ನು ಉಳಿಕೆ ಒತ್ತಡ ಎನ್ನುತ್ತಾರೆ. ಅದಕ್ಕೊಂದು ತಪ್ಪದ ನಿಯಮವಿದೆ. ಒಳಗಿನ ಒತ್ತಡಗಳ ಲೆಕ್ಕ ಒಟ್ಟಿನಲ್ಲಿ ಸೊನ್ನೆಯಾಗಬೇಕು. ಮೇಲ್ಮೈ ಅದುಮಿಕೊಂಡಿದೆ ಎಂದರೆ, ಅದಕ್ಕೆ ಸರಿದೂಗುವಷ್ಟು ಒಳಗೆಲ್ಲೋ ಲೋಹ ಎಳೆತಕ್ಕೆ ಸಿಕ್ಕಿದೆ ಎಂದೇ ಅರ್ಥ. ಹೊರಗಿನ ಗಟ್ಟಿತನದ ಬೆಲೆಯನ್ನು ಒಳಗು ಕಟ್ಟುತ್ತದೆ. ಕಣ್ಣಿಗೆ ಕಾಣುವುದು ನುಣುಪಾದ, ತಣ್ಣಗಿನ ಲೋಹ ಮಾತ್ರ.

ನನ್ನ ಚಿಕ್ಕಮ್ಮ ಮೂವತ್ತು ದಾಟುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಅತ್ತೆ, ಮಾವ, ಇಬ್ಬರು ಮೈದುನಂದಿರು, ಮೂವರು ಮಕ್ಕಳು, ಎಲ್ಲರನ್ನೂ ಇಪ್ಪತ್ತೆರಡು ವರ್ಷ ಸಂಭಾಳಿಸಿದಳು. ಕಲ್ಲಿನಂಥ ಹೆಂಗಸು ಎಂದು ಊರೆಲ್ಲ ಹೊಗಳುತ್ತಿತ್ತು. ಕೊನೆಯ ಮಗಳ ಮದುವೆಯೂ ಮುಗಿಯಿತು. ಸಾಲ ತೀರಿತು. ಬೀಗರು ಹೊರಟುಹೋದ ಮೇಲೆ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ನಾಲ್ಕು ತಿಂಗಳು ಯಾರೊಡನೆಯೂ ಮಾತಾಡಲಿಲ್ಲ. ಊಟ ಮಾಡು ಎಂದರೆ ಮಾಡುವಳು, ಮಲಗು ಎಂದರೆ ಮಲಗುವಳು. "ಕಷ್ಟವೆಲ್ಲ ಕಳೆದು ಸುಖಪಡೋ ಹೊತ್ತಿಗೆ ಇದೇನು ಗ್ರಹಚಾರ" ಎಂದು ಎಲ್ಲರೂ ಅಚ್ಚರಿಪಟ್ಟರು. ಭಾರ ಇಳಿದ ಮೇಲೂ ಉಳಿಯುವ ಒತ್ತಡ ಎಂಬ ಮಾತು ಕೇಳಿದಾಗ ನನಗೆ ಆ ಕಂಬ ನೆನಪಿಗೆ ಬಂತು.

ಯಾರೂ ಮುಟ್ಟದೆ, ಯಾವ ಭಾರವೂ ಇಲ್ಲದೆ ಲೋಹ ಸೀಳುವುದುಂಟು. ಬ್ರಿಟಿಷರ ಸೈನ್ಯ ನಮ್ಮ ದೇಶದಲ್ಲಿದ್ದಾಗ ಕಾಡತೂಸುಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ಚಿಪ್ಪುಗಳು ಬಿರುಕು ಬಿಟ್ಟಿರುತ್ತಿದ್ದವು. ಮಳೆಗಾಲದಲ್ಲಿ ಬರುವ ರೋಗವೆಂದು ಅದಕ್ಕೆ ಋತುವಿನ ಹೆಸರನ್ನೇ ಇಟ್ಟರು. ಕಾರಣ ವಿವರವಾಗಿ ತಿಳಿದದ್ದು 1921ರಲ್ಲಿ. ಚಿಪ್ಪಿನ ಆಕಾರ ಬರಲೆಂದು ಹಿತ್ತಾಳೆಯನ್ನು ತಣ್ಣಗಿರುವಾಗಲೇ ಎಳೆದು ಹಿಗ್ಗಿಸಿದ್ದರು, ಆ ಒತ್ತಡ ಒಳಗೆ ಉಳಿದಿತ್ತು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾದ ಗಾಳಿ ತೇವದೊಡನೆ ಸೇರಿ ತಗುಲಿದ್ದೇ ನೆಪ. ಒತ್ತಡ ಇಲ್ಲದ ಹಿತ್ತಾಳೆಯನ್ನು ಆ ಗಾಳಿ ಹಾಗೆ ಸೀಳುತ್ತಿರಲಿಲ್ಲ. ಪರಿಹಾರವೂ ಸಿಕ್ಕಿತು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹದವಾದ ಕಾವು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಆರಿಸಿದರೆ, ಗಟ್ಟಿತನ ಹೋಗದೆ ಒಳಗಿನ ಬಿಗಿತ ಮಾತ್ರ ಸಡಿಲುತ್ತದೆ. ಸಣ್ಣ ಮಾತೊಂದಕ್ಕೆ ಸೊಸೆ ಸಿಡಿದುಬಿದ್ದರೆ "ಅಷ್ಟಕ್ಕೇ ಹೀಗಾ?" ಎನ್ನುವವರು ಈ ಲಾಯದ ಕತೆಯನ್ನು ಒಮ್ಮೆ ಕೇಳಬೇಕು. ಅಂದಿನ ಮಾತು ನೆಪ ಮಾತ್ರ.

ಹಾಗಾದರೆ ಒಳಗೆ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಹಳೆಯ ದಾರಿಗಳಲ್ಲಿ ಒಂದು, ಲೋಹಕ್ಕೆ ಸಣ್ಣ ತೂತು ಕೊರೆಯುವುದು. ಕೊರೆದ ಕೂಡಲೇ ಸುತ್ತಲಿನ ಲೋಹ ಸಡಿಲಗೊಂಡು ಕೂದಲೆಳೆಗಿಂತ ಕಡಿಮೆ ಅಲುಗಾಡುತ್ತದೆ, ಅದರಿಂದ ಒಳಗಿದ್ದ ಒತ್ತಡವನ್ನು ಲೆಕ್ಕ ಹಾಕುತ್ತಾರೆ. ಇನ್ನೊಂದು ಎಕ್ಸ್‌ರೇ. ಅದು ನಿಖರವೇ, ಆದರೆ ಲೋಹದೊಳಗೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನ ಆಳ ಮಾತ್ರ ಕಾಣುತ್ತದೆ. ಅದಕ್ಕಿಂತ ಕೆಳಗೆ ನೋಡಬೇಕಾದರೆ ಮೇಲಿನ ಪದರವನ್ನು ಕರಗಿಸಿ ಕರಗಿಸಿ ತೆಗೆಯಬೇಕು. ಹೀಗೆ ಪದರ ಸುಲಿಸಿಕೊಂಡ ಭಾಗ ಮತ್ತೆ ಎಂಜಿನ್ನಿಗೆ ಹೋಗುವಂತಿಲ್ಲ. ಅದರ ಬಗ್ಗೆ ಎಲ್ಲ ತಿಳಿಯಿತು, ಆದರೆ ಅದು ಉಳಿಯಲಿಲ್ಲ.

ಮನುಷ್ಯರ ವಿಷಯದಲ್ಲಿಯೂ ನಮಗೆ ಹೆಚ್ಚಾಗಿ ಗೊತ್ತಿರುವುದು ಈ ದಾರಿಗಳೇ. ಒಬ್ಬಳ ಒಳಗನ್ನು ತಿಳಿಯಲು ಅವಳನ್ನು ಕೆಣಕಿ ಅಳಿಸುತ್ತೇವೆ, ಹತ್ತು ಜನರ ಮುಂದೆ ಬಾಯಿ ಬಿಡಿಸುತ್ತೇವೆ. ಇಲ್ಲವೇ ಅವಳು ಬಾವಿಗೆ ಬಿದ್ದ ಮೇಲೆ ಪಂಚನಾಮೆ ಬರೆಯುತ್ತೇವೆ. "ಇಷ್ಟು ನೋವಿತ್ತು ಅಂತ ಗೊತ್ತೇ ಆಗಲಿಲ್ಲ" ಎಂಬುದು ಅಂಥ ಮನೆಗಳ ಜಗುಲಿಯಲ್ಲಿ ತಪ್ಪದೆ ಕೇಳಿಬರುವ ಮಾತು.

ಒಡೆಯದೆ ತಿಳಿಯುವ ದಾರಿಯನ್ನು ಈಗ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಅದರ ಮೂಲತತ್ವ ನಿಮ್ಮ ಅಡುಗೆಮನೆಯಲ್ಲೇ ಇದೆ. ತಂತಿಯ ಸುರುಳಿಯೊಂದರಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನು ಹರಿಸಿ ಅದನ್ನು ಲೋಹದ ಹತ್ತಿರ ಹಿಡಿದರೆ, ಮುಟ್ಟದೆಯೇ ಲೋಹದೊಳಗೂ ವಿದ್ಯುತ್ತು ಸುಳಿಸುಳಿಯಾಗಿ ಹರಿಯತೊಡಗುತ್ತದೆ. ಇದರ ಮೂಲವನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ, ಈ ಸುಳಿಗಳನ್ನು 1855ರಲ್ಲಿ ಫ್ರಾನ್ಸಿನ ಫೂಕೋ ತೋರಿಸಿದ. ಮರುವರ್ಷವೇ, 1856ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಲೋಹವನ್ನು ಎಳೆದಾಗ ಅದರ ವಿದ್ಯುತ್ ತಡೆ ಬದಲಾಗುವುದನ್ನು ವರದಿ ಮಾಡಿದ. ಅಂದರೆ ಒತ್ತಡದಲ್ಲಿರುವ ಲೋಹ ವಿದ್ಯುತ್ತನ್ನು ಬೇರೆ ರೀತಿ ಹರಿಯಗೊಡುತ್ತದೆ. ಈ ಎರಡನ್ನೂ ಸೇರಿಸಿ, 2000ದ ನಂತರದ ವರ್ಷಗಳಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಪೀಟರ್ ನಾಗಿ ಮತ್ತು ಸಂಗಡಿಗರು ಎಂಜಿನ್ನಿನ ನಿಕಲ್ ಮಿಶ್ರಲೋಹಗಳ ಒಳಗಿನ ಒತ್ತಡವನ್ನು ಅಳೆಯಲು ಹೊರಟರು. ಗುಂಡಿನ ಪೆಟ್ಟು ತಿಂದ ಲೋಹದಲ್ಲಿ ವಿದ್ಯುತ್ತು ಹರಿಯುವ ಸರಾಗತೆ ನೂರಕ್ಕೆ ಒಂದರ ಆಸುಪಾಸು ಹೆಚ್ಚಿರುತ್ತದೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆಳಕ್ಕೆ ಇಳಿಯುವ ಕ್ರಮ. ಸುರುಳಿಯ ವಿದ್ಯುತ್ತು ಸೆಕೆಂಡಿಗೆ ಒಂದು ಕೋಟಿ ಆವರ್ತನೆ ಮಾಡಿದರೆ, ಇಂಥ ಲೋಹದಲ್ಲಿ ಅದು ತಲಪುವ ಆಳ ಸುಮಾರು 0.17 ಮಿಲಿಮೀಟರು. ವೇಗವನ್ನು ನೂರು ಪಟ್ಟು ಇಳಿಸಿ ಒಂದು ಲಕ್ಷಕ್ಕೆ ತಂದರೆ, ಆಳ ಹತ್ತು ಪಟ್ಟಾಗಿ 1.7 ಮಿಲಿಮೀಟರಿಗೆ ಹೋಗುತ್ತದೆ. ಅವಸರದ ಪ್ರಶ್ನೆ ಚರ್ಮದಲ್ಲೇ ನಿಲ್ಲುತ್ತದೆ, ನಿಧಾನದ ಪ್ರಶ್ನೆ ಒಳಕ್ಕೆ ಇಳಿಯುತ್ತದೆ. ಒಂದೊಂದು ವೇಗದಲ್ಲಿ ಒಂದೊಂದು ಸಲ ಕೇಳಿ, ಉತ್ತರಗಳನ್ನು ಹೋಲಿಸಿ, ಯಾವ ಪದರದಲ್ಲಿ ಏನಿದೆ ಎಂದು ತಿಳಿಯುತ್ತಾರೆ.

ಚಿಕ್ಕಮ್ಮನ ವಿಷಯದಲ್ಲಿ ಈ ವಿದ್ಯೆ ಬಲ್ಲವಳು ಪಕ್ಕದ ಮನೆಯ ಅಜ್ಜಿ. ಮಿಕ್ಕವರೆಲ್ಲ ಬಂದು "ಏನಾಯ್ತೇ, ಹೇಳ್ಕೊಳೇ" ಎಂದು ಕೇಳಿ, ಉತ್ತರ ಸಿಗದೆ, ಕಾಫಿ ಕುಡಿದು ಹೋಗುತ್ತಿದ್ದರು. ಅಜ್ಜಿ ಮಧ್ಯಾಹ್ನ ಮೂರಕ್ಕೆ ಹತ್ತಿಯ ಪೊಟ್ಟಣ ಹಿಡಿದು ಬಂದು, ಪಕ್ಕದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಚಿಕ್ಕಮ್ಮನ ಕೈ ತಾನಾಗಿ ಹತ್ತಿಯ ಕಡೆ ಹೋಯಿತು. ಅನೇಕ ದಿನ ಹೊಸೆದ ಮೇಲೆ ಅವಳು ಆಡಿದ ಮೊದಲ ಮಾತು ಗಂಡನ ಸಾವಿನದಲ್ಲ. "ಅವರು ಹೋದ ವರ್ಷ ದೀಪಾವಳಿಗೆ ಮನೇಲಿ ಎಲ್ಲರಿಗೂ ಬಟ್ಟೆ ತಂದರು ಅಜ್ಜಿ, ನನಗೊಬ್ಬಳಿಗೆ ತರಲಿಲ್ಲ." ಇಪ್ಪತ್ತೆರಡು ವರ್ಷದ ಕೆಳಗಿನ ಪದರ ಅದು. ಯಾವ ಅವಸರದ ಪ್ರಶ್ನೆಯೂ ಅಲ್ಲಿಗೆ ತಲಪುತ್ತಿರಲಿಲ್ಲ.

ಹಾಗೆಂದು ಈ ಅಳತೆ ಸುಲಭವೆಂದಲ್ಲ. ಪೆಟ್ಟು ತಿನ್ನುವ ಮೊದಲು ಆ ಲೋಹ ಹೇಗಿತ್ತು ಎಂಬುದು ಗೊತ್ತಿರದಿದ್ದರೆ ಈಗಿನ ಅಂಕಿಗೆ ಅರ್ಥವಿಲ್ಲ. ಮದುವೆಗೆ ಮೊದಲು ಹುಡುಗಿ ಎಷ್ಟು ನಗುತ್ತಿದ್ದಳೆಂದು ಬಲ್ಲವರು ಮಾತ್ರ ಅವಳ ಈಗಿನ ನಗುವನ್ನು ಓದಬಲ್ಲರು. ತವರಿಗೆ, ಹಳೆಯ ಗೆಳತಿಗೆ ಇರುವ ಬೆಲೆ ಇದು. ಇನ್ನೊಂದು ತೊಡಕು, ಒರಟು ಮೈ. ಅಲ್ಯುಮಿನಿಯಂ, ಟೈಟಾನಿಯಂ ಲೋಹಗಳಲ್ಲಿ ಗುಂಡು ಬಿದ್ದು ಮೈ ಒರಟಾದುದರ ಪರಿಣಾಮವೇ ಒತ್ತಡದ ಗುರುತನ್ನು ಮುಚ್ಚಿಹಾಕುತ್ತದೆ. ನಿಕಲ್ ಲೋಹಗಳಲ್ಲಿಯೂ ಒಳರಚನೆ ಕದಡಿದ್ದರ ಗುರುತು ಒತ್ತಡದ ಗುರುತಿನೊಡನೆ ಬೆರೆತಿರುತ್ತದೆ, ಬಿಡಿಸಿ ನೋಡಬೇಕು. ಒರಟು ಮಾತಿನವರೆಲ್ಲ ನೊಂದವರಲ್ಲ, ನಯವಾಗಿರುವವರೆಲ್ಲ ನೆಮ್ಮದಿಯವರಲ್ಲ. ಒಂದು ಅಂಕಿ ನೋಡಿ ತೀರ್ಪು ಕೊಡಬಾರದೆಂಬ ಶಿಸ್ತು ಲೋಹದವರಿಗೆ ಇದೆ.

ಈ ಶಿಸ್ತು ತಪ್ಪಿದರೆ ಏನಾಗುತ್ತದೆಂದು ಅವರು ಕಂಡಿದ್ದಾರೆ. 1996ರ ಜುಲೈ 6ರಂದು ಅಮೆರಿಕದ ಪೆನ್ಸಕೋಲಾದಲ್ಲಿ ವಿಮಾನವೊಂದು ಮೇಲೇರಲು ಓಡುತ್ತಿದ್ದಾಗ ಎಂಜಿನ್ನಿನ ಫ್ಯಾನಿನ ನಡುಭಾಗ ಸಿಡಿದು, ಚೂರುಗಳು ಒಳಕ್ಕೆ ನುಗ್ಗಿ ತಾಯಿ ಮತ್ತು ಮಗ ಸತ್ತರು. ತಯಾರಿಸುವಾಗ ಒಂದು ತೂತನ್ನು ಕೊರೆದ ರೀತಿಯಿಂದ ಅದರ ಗೋಡೆಯ ಲೋಹ ಬದಲಾಗಿಹೋಗಿತ್ತು. ಪರೀಕ್ಷೆಯಲ್ಲಿ ಅದು ಗೊತ್ತಾಗದೆ ದಾಟಿತು. ಅಲ್ಲಿಂದ ಬಿರುಕು ಹುಟ್ಟಿ, ಹಾರಾಟದಿಂದ ಹಾರಾಟಕ್ಕೆ ಬೆಳೆಯಿತು. ತೂತಿನ ಗೋಡೆಯ ತೆಳುವಾದ ಒಂದು ಪದರದಲ್ಲಿ ಎರಡು ಜೀವಗಳ ಅಳಿವು ಉಳಿವು ಇತ್ತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಶಾಟ್ ಪೀನಿಂಗ್‌ನಿಂದ ಲೋಹದ ಆಯುಸ್ಸು ಹೆಚ್ಚುತ್ತದೆ ಎಂದು ಎಲ್ಲ ಎಂಜಿನಿಯರರಿಗೂ ಗೊತ್ತು. ಆದರೂ ಎಂಜಿನ್ನಿನ ಇಂಥ ಭಾಗ ಎಷ್ಟು ಹಾರಾಟ ತಡೆಯಬಲ್ಲದು ಎಂದು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಆ ಹೆಚ್ಚಿನ ಬಲವನ್ನು ಅವರು ಪೂರ್ತಿಯಾಗಿ ಲೆಕ್ಕಕ್ಕೆ ಸೇರಿಸುವುದಿಲ್ಲ. ಏಕೆಂದರೆ ಎಂಜಿನ್ನಿನ ಕಾವಿನಲ್ಲಿ ಅದುಮಿಕೊಂಡ ಪದರ ಮೆಲ್ಲಗೆ ಸಡಿಲುತ್ತಾ ಹೋಗುತ್ತದೆ, ಹೊರಗಿನಿಂದ ಭಾಗ ಮೊದಲಿನ ಹಾಗೇ ಕಾಣುತ್ತದೆ. ಎಷ್ಟು ಉಳಿದಿದೆ ಎಂದು ಖಚಿತವಾಗಿ ಅಳೆಯಲಾಗದ ಬಲವನ್ನು ನಂಬಿ ಜನರನ್ನು ಹತ್ತಿಸುವುದು ತಪ್ಪು ಎಂಬುದು ಅವರ ನೀತಿ. ಆ ಬಲ ಇದ್ದರೆ ಒಳ್ಳೆಯದು, ಆದರೆ ಅದರ ಮೇಲೆ ಭಾರ ಹೊರಿಸುವುದಿಲ್ಲ.

ನಮ್ಮ ಮನೆಗಳ ಲೆಕ್ಕ ಇದಕ್ಕೆ ತೀರ ತಿರುಗುಮುರುಗು. ಹೆಂಗಸಿನ ತಾಳ್ಮೆಯನ್ನು ನಾವು ಎಂದೂ ಅಳೆದಿಲ್ಲ, ಆದರೆ ಇಡೀ ಮನೆಯ ಭಾರವನ್ನು ಅದರ ಮೇಲೆಯೇ ಹೊರಿಸಿದ್ದೇವೆ. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುವವರು ಯಾರು, ಕುಡಿದು ಬರುವ ಗಂಡನೊಡನೆ ಬಾಳುವವರು ಯಾರು, ಕೆಲಸ ಮುಗಿಸಿ ಬಂದು ಒಲೆ ಹಚ್ಚುವವರು ಯಾರು, ಎಲ್ಲಕ್ಕೂ ಒಂದೇ ಉತ್ತರ ಸಿದ್ಧವಾಗಿದೆ. ಆ ತಾಳ್ಮೆಯೂ ದಿನದಿನದ ಕಾವಿಗೆ ಸಡಿಲುತ್ತಿರಬಹುದು, ನಿನ್ನೆ ತಡೆದದ್ದು ನಾಳೆ ತಡೆಯದಿರಬಹುದು ಎಂಬ ಅನುಮಾನವೂ ಯಾರಿಗೂ ಬರುವುದಿಲ್ಲ. ಲೋಹದ ತಟ್ಟೆಯೊಂದರ ಬಗ್ಗೆ ಇರುವ ನ್ಯಾಯ ಮನೆಯೊಳಗಿನ ಜೀವದ ಬಗ್ಗೆ ಇಲ್ಲದೆ ಹೋಯಿತೆ?

ಇದಕ್ಕೆ ನನ್ನ ತಂಗಿಯ ಮಗಳೇ ಒಂದು ತಕರಾರು ತೆಗೆದಳು. "ದೊಡ್ಡಮ್ಮ, ನಾವು ಅಳೆಯೋಕೆ ಹೊರಟಿರೋದು ಲೋಹದ ಮೇಲಿನ ಕರುಣೆಯಿಂದ ಅಲ್ಲ. ಒಳಗೆ ಇಷ್ಟು ಬಲ ಉಳಿದಿದೆ ಅಂತ ಗೊತ್ತಾದ್ರೆ ಇನ್ನಷ್ಟು ದಿನ ದುಡಿಸಬಹುದು, ಅದಕ್ಕೆ." ಅವಳ ಮಾತು ನಿಜ. ಅಳೆದು ತಿಳಿದವರೆಲ್ಲ ಭಾರ ಇಳಿಸುತ್ತಾರೆಂಬ ಭರವಸೆ ಇಲ್ಲ. ಇವಳು ಇನ್ನೂ ತಡೆಯಬಲ್ಲಳು ಎಂದು ಲೆಕ್ಕ ಹಾಕಿ ಮತ್ತೊಂದು ಹೊರೆ ಇಡುವ ಜಾಣರೂ ಇದ್ದಾರೆ. ಹಾಗಾಗಿಯೇ ಎಷ್ಟೋ ಹೆಂಗಸರು ತಮ್ಮ ಒಳಗನ್ನು ಯಾರಿಗೂ ತೋರದೆ ಇಡುತ್ತಾರೆ. ಅದು ಅವರ ಹಕ್ಕು ಎಂದೇ ನಾನು ತಿಳಿಯುತ್ತೇನೆ.

ಲೋಹಕ್ಕೂ ನಮಗೂ ಇರುವ ವ್ಯತ್ಯಾಸ ಇಲ್ಲಿದೆ. ಲೋಹ ಮೀಟರನ್ನು ತಾನು ಹಿಡಿಯಲಾರದು, ಭಾರ ಬೇಡ ಎನ್ನಲಾರದು. ನಾವು ಎರಡನ್ನೂ ಮಾಡಬಲ್ಲೆವು. ನಮ್ಮೊಳಗೆ ಎಷ್ಟು ಉಳಿದಿದೆ ಎಂದು ಮೊದಲು ನೋಡಿಕೊಳ್ಳಬೇಕಾದವರು ನಾವೇ. ಅದನ್ನು ಹೇಳಬೇಕೆಂದಾಗ, ಕೇಳಿ ಭಾರಕ್ಕೆ ಹೆಗಲು ಕೊಡುವವರಿಗೆ ಮಾತ್ರ ಹೇಳಿದರೆ ಸಾಕು. ಇನ್ನೊಬ್ಬಳ ಹತ್ತಿರ ಕೂರುವಾಗ ನಾವು ಯಾವ ಉದ್ದೇಶಕ್ಕೆ ಕೂತಿದ್ದೇವೆ ಎಂದೂ ನಮ್ಮನ್ನು ಕೇಳಿಕೊಳ್ಳಬೇಕು.

ಮದುವೆ ಮನೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಆಸ್ತಿ ಪಾಲಿನ ಮಾತುಕತೆಯಲ್ಲಿ ಒಂದು ಮಾತು ಸಲೀಸಾಗಿ ಬಂದುಬಿಡುತ್ತದೆ: "ಅವಳು ಬಿಡಿ, ಗಟ್ಟಿಗಿತ್ತಿ, ತಡ್ಕೊತಾಳೆ." ಮುಂದಿನ ಸಲ ಈ ಮಾತು ಕಿವಿಗೆ ಬಿದ್ದರೆ ಸುಮ್ಮನಿರಬೇಡಿ. ಅಳೆದದ್ದು ಯಾವಾಗ, ಅಳೆದವರು ಯಾರು ಎಂದು ಕೇಳಿ. ಉತ್ತರ ಬರುವವರೆಗೆ ಹೊರೆ ಕೆಳಗೇ ಇರಲಿ.